ಬಾಣಂತಿ ಸನ್ನಿ: ಯಾಕೆ ಬರುತ್ತದೆ, ಹೇಗೆ ವಾಸಿಯಾಗುತ್ತದೆ?

ಹೆರಿಗೆಯಾಗಿ ಐದನೇ ರಾತ್ರಿ. ಮಗು ಮಲಗಿದೆ, ಬಾಣಂತಿಗೆ ನಿದ್ದೆಯಿಲ್ಲ. ಎರಡು ಗಂಟೆಗೆ ಎದ್ದು ಬೀರುವಿನ ಬಟ್ಟೆಯನ್ನೆಲ್ಲ ಕೆಳಗೆ ಹಾಕಿಕೊಂಡು ಮತ್ತೆ ಮಡಚುತ್ತಿದ್ದಾಳೆ. ಸುಸ್ತಾಗಲ್ವೇನೇ ಎಂದು ತಾಯಿ ಕೇಳಿದರೆ, "ಇಲ್ಲಮ್ಮ, ಮೈ ಇಷ್ಟು ಹಗುರ ಯಾವತ್ತೂ ಅನ್ನಿಸಿರಲಿಲ್ಲ" ಅನ್ನುತ್ತಾಳೆ. ಮಾತು ನಿಲ್ಲುತ್ತಿಲ್ಲ. ಒಂದು ವಿಷಯ ಮುಗಿಯುವ ಮೊದಲೇ ಇನ್ನೊಂದಕ್ಕೆ ಹಾರುತ್ತದೆ. ಮಾರನೇ ದಿನ ಅಳು, ಅದರ ಬೆನ್ನಿಗೇ ನಗು. ಏಳನೇ ದಿನ ತೊಟ್ಟಿಲ ಕಡೆ ನೋಡುತ್ತಾ ದನಿ ತಗ್ಗಿಸಿ ಕೇಳುತ್ತಾಳೆ: "ಇದು ನನ್ ಮಗೂನೇನಾ? ಆಸ್ಪತ್ರೇಲಿ ಬದಲಾಯಿಸಿಬಿಟ್ರು ಅಲ್ವಾ?"

ಇದು ಯಾವುದೋ ಒಂದು ಮನೆಯ ಕಥೆಯಲ್ಲ. ಮನೋವೈದ್ಯರ ಮುಂದೆ ಬಂದು ಕೂರುವ ಎಷ್ಟೋ ಕುಟುಂಬಗಳು ಹೆಚ್ಚುಕಡಿಮೆ ಇದನ್ನೇ ಹೇಳುತ್ತವೆ. ಇಂಥ ಹೊತ್ತಿನಲ್ಲಿ ಮನೆಯ ಹಿರಿಯರ ಬಾಯಿಗೆ ಬರುವ ಮಾತೂ ಒಂದೇ: ಸನ್ನಿ ಹಿಡಿದಿದೆ. ಅಜ್ಜಿಯಂದಿರು ಈ ಪದವನ್ನು ಗಟ್ಟಿಯಾಗಿ ಹೇಳುತ್ತಿರಲಿಲ್ಲ. ಅಡುಗೆಮನೆಯಲ್ಲಿ ಪಿಸುಗುಟ್ಟುತ್ತಿದ್ದರು, ಗಂಡನ ಮನೆಯವರ ಕಿವಿಗೆ ಬೀಳದಂತೆ.

ಆ ಪಿಸುಮಾತಿನ ಹಿಂದೆಯೇ ಬರುವ ಪ್ರಶ್ನೆ "ಯಾಕೆ ಬಂತು?" ತಂಗಳು ತಿಂದಳೆ, ತಲೆಗೆ ಗಾಳಿ ಹೋಯಿತೆ, ಹೊತ್ತಲ್ಲದ ಹೊತ್ತಲ್ಲಿ ಹಿತ್ತಿಲಿಗೆ ಹೋಗಿದ್ದಳೆ, ಅವಳ ತವರಿನಲ್ಲಿ ಯಾರಿಗಾದರೂ ಹೀಗಿತ್ತೆ? ಬೇರೆ ಮನೋರೋಗಗಳಲ್ಲಿ ಈ ಪ್ರಶ್ನೆಗೆ ಉತ್ತರ ಹುಡುಕುವುದು ಬಹಳ ಕಷ್ಟ. ಇಪ್ಪತ್ತರ ಹರೆಯದಲ್ಲಿ ತೋರಿದ ಕಾಯಿಲೆಯ ಬೇರು ಹುಟ್ಟಿನಲ್ಲಿದೆಯೋ, ಹತ್ತನೇ ವಯಸ್ಸಿನಲ್ಲಿ ತಿಂದ ಪೆಟ್ಟಿನಲ್ಲಿದೆಯೋ, ಹೋದ ತಿಂಗಳು ಹೋದ ಕೆಲಸದಲ್ಲಿದೆಯೋ ಬಿಡಿಸಿ ಹೇಳಲಾಗದು. ಬಾಣಂತಿ ಸನ್ನಿಯಲ್ಲಿ ಮಾತ್ರ ಶುರುವಿನ ದಿನಾಂಕ ಗೊತ್ತು. ಮನಸ್ಸು ಯಾಕೆ ಕೆಡುತ್ತದೆ, ಹೇಗೆ ಸರಿಹೋಗುತ್ತದೆ ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಕಿಟಕಿ ಇರಲಾರದು.

ಒಂದೇ ಹೆಸರಿನಡಿ ಹಲವು ಕಾಯಿಲೆ

ಸನ್ನಿ ಎಂಬುದು 'ಸನ್ನಿಪಾತ'ದ ಮೊಟಕು ರೂಪ. ವಾತ, ಪಿತ್ತ, ಕಫ ಮೂರೂ ಒಟ್ಟಿಗೆ ಕೆರಳಿ, ಜ್ವರ ಏರಿ, ರೋಗಿ ಬಡಬಡಿಸುವ ಸ್ಥಿತಿಗೆ ಆಯುರ್ವೇದ ಸನ್ನಿಪಾತ ಜ್ವರ ಎನ್ನುತ್ತದೆ. ನಮ್ಮ ಮನೆಗಳಲ್ಲಿ ಆ ಪದ ಹಿಗ್ಗಿ, ಹೆರಿಗೆಯ ನಂತರ ಹೆಂಗಸು 'ಅವಳಂತಿಲ್ಲ' ಎನಿಸುವ ಎಲ್ಲ ಸ್ಥಿತಿಗಳಿಗೂ ಅಂಟಿಕೊಂಡಿತು. ವೈದ್ಯರು ಮೊದಲು ಮಾಡುವ ಕೆಲಸ ಇದನ್ನು ಬಿಡಿಸುವುದು.

ಮೂರನೇ ದಿನದ ಅಳು ಮೊದಲನೆಯದು. ಇದಕ್ಕೆ ಕನ್ನಡದಲ್ಲಿ ಚಲಾವಣೆಯಲ್ಲಿರುವ ಹೆಸರಿಲ್ಲ, ವೈದ್ಯರು ಬೇಬಿ ಬ್ಲೂಸ್ ಅನ್ನುತ್ತಾರೆ. ಹೆತ್ತವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಆಗುತ್ತದೆ. ಕಾರಣವಿಲ್ಲದೆ ಕಣ್ಣು ತುಂಬಿಕೊಳ್ಳುವುದು, ಸಣ್ಣ ಮಾತಿಗೂ ನೋಯುವುದು, ಮರುಗಳಿಗೆ ಸಮಾಧಾನ. ಮೂರರಿಂದ ಐದನೇ ದಿನದ ಹೊತ್ತಿಗೆ ಏರಿ, ಎರಡು ವಾರದೊಳಗೆ ತಾನಾಗಿ ಇಳಿಯುತ್ತದೆ. ಇದು ಕಾಯಿಲೆಯಲ್ಲ, ಮಾತ್ರೆಯೂ ಬೇಡ. ಯಾರಾದರೂ ಪಕ್ಕದಲ್ಲಿದ್ದು, ಮಗುವನ್ನು ಎರಡು ಗಂಟೆ ನೋಡಿಕೊಂಡರೆ ಸಾಕು.

ಎರಡನೆಯದು ಬಾಣಂತಿ ಖಿನ್ನತೆ. ಎರಡು ವಾರ ಕಳೆದರೂ ಮನಸ್ಸು ಏಳುವುದಿಲ್ಲ. ಮಗು ಮಲಗಿದರೂ ಇವಳಿಗೆ ನಿದ್ದೆಯಿಲ್ಲ, ಊಟ ಸೇರುವುದಿಲ್ಲ, ಮಗುವನ್ನು ಎತ್ತಿಕೊಂಡರೂ ಒಳಗೆ ಏನೂ ಅನ್ನಿಸುವುದಿಲ್ಲ. "ನಾನು ತಾಯಿಯಾಗೋಕೆ ಲಾಯಕ್ಕಿಲ್ಲ" ಎಂಬ ಮಾತು ತಲೆಯೊಳಗೆ ತಿರುಗುತ್ತಿರುತ್ತದೆ. ಭಾರತದ 38 ಅಧ್ಯಯನಗಳನ್ನು ಒಟ್ಟುಹಾಕಿ 2017ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆ ಇದರ ಪ್ರಮಾಣ ಶೇಕಡಾ 22 ಎಂದು ಅಂದಾಜು ಮಾಡಿತು, ಅಂದರೆ ಐವರಲ್ಲಿ ಒಬ್ಬರಿಗಿಂತ ಹೆಚ್ಚು. ಇಷ್ಟು ಸಾಮಾನ್ಯವಾದದ್ದು ಮನೆಯವರ ಕಣ್ಣಿಗೆ ಬೀಳದಿರಲು ಕಾರಣವಿದೆ. ಖಿನ್ನತೆಯ ಬಾಣಂತಿ ಗಲಾಟೆ ಮಾಡುವುದಿಲ್ಲ. ಗೋಡೆ ಕಡೆ ತಿರುಗಿ ಮಲಗುತ್ತಾಳೆ, ಅಷ್ಟೇ. ನೋಡಿದವರು ಸೋಮಾರಿತನ ಅಂದುಕೊಳ್ಳುತ್ತಾರೆ.

ಮೂರನೆಯದೇ ನಿಜವಾದ ಸನ್ನಿ, ಪ್ರಸವಾನಂತರದ ಸೈಕೋಸಿಸ್. ಸೈಕೋಸಿಸ್ ಎಂದರೆ ವಾಸ್ತವದ ಹಿಡಿತ ಕಳಚುವುದು: ಇಲ್ಲದ ದನಿ ಕೇಳುವುದು, ಸಾಕ್ಷ್ಯಕ್ಕೆ ಬಗ್ಗದ ನಂಬಿಕೆ ಬೇರೂರುವುದು. ಸಾವಿರ ಹೆರಿಗೆಗೆ ಒಂದೋ ಎರಡೋ, ಅಷ್ಟೇ. ಆದರೆ ಬಂದರೆ ಬಿರುಗಾಳಿಯಂತೆ ಬರುತ್ತದೆ, ಬಹುಪಾಲು ಮೊದಲ ಎರಡು ವಾರದೊಳಗೆ. ನಿದ್ದೆ ಬೇಡವೇ ಬೇಡ ಎನಿಸುವುದು ಇದರ ಮೊದಲ ಗುರುತು. ಮಗು ಅತ್ತು ಎಬ್ಬಿಸಿದ್ದರಿಂದ ನಿದ್ದೆ ಕೆಡುವುದು ಬೇರೆ, ಮಲಗಲು ಅವಕಾಶವಿದ್ದೂ ನಿದ್ದೆ ಬೇಕೆನಿಸದಿರುವುದು ಬೇರೆ. ಬೆಳಗ್ಗೆ ಪೂರಾ ಸರಿಯಿದ್ದು ಸಂಜೆಗೆ ದಿಕ್ಕೆಟ್ಟಂತೆ ಕಾಣುವುದೂ ಇದರ ಲಕ್ಷಣ. ಹಾಗಾಗಿ ಮನೆಯವರು "ಬೆಳಗ್ಗೆ ಚೆನ್ನಾಗಿದ್ದಳಲ್ಲ" ಎಂದು ಒಂದು ದಿನ ಕಾಯುತ್ತಾರೆ. ಆ ಕಾಯುವ ದಿನವೇ ಅಪಾಯದ ದಿನ. ತನಗೋ ಮಗುವಿಗೋ ಅವಳು ಏನಾದರೂ ಮಾಡಿಕೊಳ್ಳುವ ಸಾಧ್ಯತೆ ಚಿಕಿತ್ಸೆಯಿಲ್ಲದ ಸನ್ನಿಯಲ್ಲಿ ನಿಜವಾಗಿಯೂ ಇರುತ್ತದೆ.

ಇಲ್ಲೊಂದು ಮಾತನ್ನು ಸೇರಿಸಲೇಬೇಕು, ಯಾಕೆಂದರೆ ಇದನ್ನು ಓದುವ ಎಷ್ಟೋ ತಾಯಂದಿರಿಗೆ ಒಳಗೊಳಗೇ ಭಯವಿರುತ್ತದೆ. "ಮಗು ಕೈಜಾರಿ ಬಿದ್ದರೆ?", "ಈ ಚಾಕು ನಾನೇ ಮಗುವಿಗೆ ತಾಗಿಸಿಬಿಟ್ಟರೆ?" ಎಂಬಂಥ ಬೇಡದ ಯೋಚನೆ ಬಂದು ಮೈ ಬೆವರುವುದು ಸನ್ನಿಯಲ್ಲ. ಅದು ಗೀಳಿನ ಜಾತಿಯದು. ಯೋಚನೆ ಬಂದದ್ದಕ್ಕೇ ತಾಯಿ ಹೆದರಿ ಚಾಕುವಿನಿಂದ ದೂರ ಹೋಗುತ್ತಾಳೆ. ಸನ್ನಿಯಲ್ಲಿ ಆ ಹೆದರಿಕೆಯೇ ಇರುವುದಿಲ್ಲ. ತಾನು ನಂಬಿದ್ದೇ ನಿಜ, ತಾನು ಮಾಡಹೊರಟದ್ದೇ ಸರಿ ಎನಿಸುತ್ತಿರುತ್ತದೆ.

ಮೊದಲು ಜ್ವರ ನೋಡಿ, ಆಮೇಲೆ ಮನಸ್ಸು

ಹಳೆಯ ಪದ ಹೊತ್ತಿದ್ದ ಒಂದು ಅರ್ಥವನ್ನು ಮರೆಯಬಾರದು. ಸನ್ನಿಪಾತದಲ್ಲಿ ಜ್ವರವಿತ್ತು. ಹೆರಿಗೆಯ ನಂತರ ಬಡಬಡಿಸುವವರಲ್ಲಿ ಕೆಲವರಿಗೆ ಇರುವುದು ಮನೋರೋಗವೇ ಅಲ್ಲ: ಗರ್ಭಕೋಶದ ಸೋಂಕು ರಕ್ತಕ್ಕೆ ಹರಡಿರಬಹುದು, ರಕ್ತದೊತ್ತಡ ಏರಿ ಫಿಟ್ಸ್ ಬರುವ ಹಂತ ತಲುಪಿರಬಹುದು, ಥೈರಾಯ್ಡ್ ಕೆರಳಿರಬಹುದು.

ಇವುಗಳಲ್ಲಿ ನಮ್ಮ ದೇಶದ ವೈದ್ಯರು ವಿಶೇಷವಾಗಿ ಎಚ್ಚರ ವಹಿಸುವುದು ಮೆದುಳಿನ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟುವುದರ ಬಗ್ಗೆ. ಹೆರಿಗೆಯ ನಂತರ ರಕ್ತ ಸಹಜವಾಗಿಯೇ ಬೇಗ ಹೆಪ್ಪುಗಟ್ಟುವ ಗುಣ ಪಡೆದಿರುತ್ತದೆ. ಹೆರಿಗೆಯ ರಕ್ತಸ್ರಾವ ನಿಲ್ಲಿಸಲು ದೇಹ ಮಾಡಿಕೊಂಡ ಏರ್ಪಾಡು ಅದು. ಅದರ ಮೇಲೆ ಮೈಯಲ್ಲಿ ನೀರಿನಂಶ ಕಡಿಮೆಯಾದರೆ ಅಪಾಯ ಏರುತ್ತದೆ. ಬಾಣಂತಿಗೆ ನೀರು ಕಡಿಮೆ ಕೊಡುವ ನಮ್ಮ ಪದ್ಧತಿ ಗೊತ್ತಲ್ಲ, ಹೊಟ್ಟೆ ದಪ್ಪವಾಗುತ್ತದೆ, ನಂಜಾಗುತ್ತದೆ ಎಂದು ಲೆಕ್ಕಹಾಕಿ ಲೋಟದಲ್ಲಿ ಕೊಡುವುದು? ಭಾರತದಲ್ಲಿ ಬಾಣಂತಿಯರ ಈ ಹೆಪ್ಪುಗಟ್ಟುವ ಕಾಯಿಲೆಯ ಹಿಂದಿನ ಕಾರಣಗಳಲ್ಲಿ ಇದನ್ನೂ ನರರೋಗ ತಜ್ಞರು ಗುರುತಿಸಿದ್ದಾರೆ. ಬಿಡದ ತಲೆನೋವು, ವಾಂತಿ, ಕೈಕಾಲಿನ ಸೋಲು, ಫಿಟ್ಸ್, ಇವುಗಳ ಜೊತೆಗೆ ಗೊಂದಲದ ಮಾತು ಸೇರಿದ್ದರೆ ತಲೆಯ ಸ್ಕ್ಯಾನ್ ಆಗಬೇಕು.

ಹಾಗಾಗಿ ಸನ್ನಿಯೆಂದು ಕರೆತಂದ ಹೆಂಗಸಿಗೆ ಮನೋವೈದ್ಯರು ಮೊದಲು ಥರ್ಮಾಮೀಟರ್ ಇಟ್ಟು, ಬಿಪಿ ನೋಡಿ, ರಕ್ತಪರೀಕ್ಷೆ ಬರೆದರೆ "ತಲೆ ಕೆಟ್ಟಿದೆ ಅಂದ್ರೆ ರಕ್ತ ತೆಗೀತಾರಲ್ಲ" ಎಂದು ಸಿಟ್ಟಾಗುವುದು ಬೇಡ.

ಎಲ್ಲ ಬಾಣಂತಿಯರಿಗೂ ಯಾಕೆ ಬರುವುದಿಲ್ಲ?

ದೇಹದ ಬೇರೆ ಕಾಯಿಲೆಯಿಲ್ಲ ಎಂದು ಖಚಿತವಾದ ಮೇಲೆ ಉಳಿಯುವುದು ಶುದ್ಧ ಸನ್ನಿ. ಅದರ ಮೊದಲ ಆರೋಪಿ ಹಾರ್ಮೋನು. ಗರ್ಭಿಣಿಯ ರಕ್ತದಲ್ಲಿ ಒಂಬತ್ತು ತಿಂಗಳು ಏರುತ್ತಲೇ ಹೋದ ಈಸ್ಟ್ರೋಜನ್, ಪ್ರೊಜೆಸ್ಟರೋನ್ ಹಾರ್ಮೋನುಗಳು ಕಸ (ಮಾಸು) ಬಿದ್ದ ಕೂಡಲೇ ಕುಸಿಯತೊಡಗಿ ಕೆಲವೇ ದಿನಗಳಲ್ಲಿ ತಳ ಸೇರುತ್ತವೆ. ಇವೆರಡೂ ಮೆದುಳಿನ ಮೇಲೂ ಕೆಲಸ ಮಾಡುವ ವಸ್ತುಗಳು. ಲೆಕ್ಕ ಸರಿಹೋಯಿತು ಅನ್ನಿಸುತ್ತದೆ. ಆದರೆ ಈ ಕುಸಿತ ಆಗದ ಬಾಣಂತಿಯೇ ಇಲ್ಲ. ಸಾವಿರ ಮಂದಿಗೂ ಅದೇ ಕುಸಿತ, ಸನ್ನಿ ಮಾತ್ರ ಒಬ್ಬರಿಗೋ ಇಬ್ಬರಿಗೋ.

ಇದಕ್ಕೆ ಉತ್ತರದ ಎಳೆಯೊಂದು ಅಮೆರಿಕದ ಸಂಶೋಧಕರು 2000ದಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿದೆ. ಅದು ಖಿನ್ನತೆಯ ಕುರಿತದ್ದು, ಆದರೆ ತೋರಿಸಿದ ಸಂಗತಿ ದೊಡ್ಡದು. ಗರ್ಭಿಣಿಯರಲ್ಲದ 16 ಹೆಂಗಸರಿಗೆ ಹಾರ್ಮೋನು ಕೊಟ್ಟು ಗರ್ಭಾವಸ್ಥೆಯಂಥ ಮಟ್ಟಕ್ಕೇರಿಸಿ, ಆಮೇಲೆ ಅವರಿಗೆ ತಿಳಿಯದಂತೆ ನಿಲ್ಲಿಸಿದರು. ಮಗುವಿಲ್ಲ, ರಾತ್ರಿ ಎಚ್ಚರವಿಲ್ಲ, ಅತ್ತೆಯ ಮಾತಿಲ್ಲ, ಬರೀ ಹಾರ್ಮೋನಿನ ಇಳಿತ. ಹಿಂದೆ ಬಾಣಂತಿ ಖಿನ್ನತೆ ಅನುಭವಿಸಿದ್ದ 8 ಮಂದಿಯಲ್ಲಿ 5 ಮಂದಿಯ ಮನಸ್ಸು ಕುಸಿಯಿತು. ಅಂಥ ಇತಿಹಾಸವಿಲ್ಲದ 8 ಮಂದಿಯಲ್ಲಿ ಒಬ್ಬರಿಗೂ ಏನೂ ಆಗಲಿಲ್ಲ. ಇಳಿತ ಎಲ್ಲರಿಗೂ ಒಂದೇ, ಅದಕ್ಕೆ ಮೆದುಳು ಸ್ಪಂದಿಸುವ ರೀತಿ ಬೇರೆ.

ಆ ಸೂಕ್ಷ್ಮತೆ ಎಲ್ಲಿಂದ ಬರುತ್ತದೆ? ಒಂದು ಪಾಲು ವಂಶದಿಂದ. ಸನ್ನಿಯ ಹತ್ತಿರದ ನೆಂಟ ಬೈಪೋಲಾರ್ ಕಾಯಿಲೆ, ಮನಸ್ಸು ಕೆಲಕಾಲ ವಿಪರೀತ ಉಬ್ಬಿ (ಇದಕ್ಕೇ ಉನ್ಮಾದ ಎನ್ನುವುದು) ಕೆಲಕಾಲ ವಿಪರೀತ ಕುಗ್ಗುವಂಥದ್ದು. ಬೈಪೋಲಾರ್ ಇರುವ ಹೆಂಗಸಿಗೆ ಹೆರಿಗೆಯ ನಂತರ ತೀವ್ರವಾಗಿ ಮರುಕಳಿಸುವ ಸಾಧ್ಯತೆ ಸುಮಾರು ಐದರಲ್ಲಿ ಒಂದು. ಸಾವಿರಕ್ಕೆ ಒಂದೆರಡು ಎಂಬ ಲೆಕ್ಕದ ಪಕ್ಕದಲ್ಲಿಟ್ಟು ನೋಡಿ. ತಾಯಿಗೋ ಅಕ್ಕನಿಗೋ ಸನ್ನಿಯಾಗಿದ್ದರೆ ಅದು ಇನ್ನೂ ಏರುತ್ತದೆ. ಆದರೂ ವಂಶವಾಹಿ ಎಂದರೆ ಹೊಲದ ಪಹಣಿಯಂತೆ ಹೆಸರು ಬರೆದಿಟ್ಟ ದಾಖಲೆಯಲ್ಲ. ಸಕ್ಕರೆ ಕಾಯಿಲೆಯ ಮನೆತನದಲ್ಲೂ ಹಲವರಿಗೆ ಸಕ್ಕರೆ ಬರದೇ ಹೋಗುತ್ತದೆ. ಸನ್ನಿ ಬಂದ ಹಲವರ ಮನೆತನದಲ್ಲಿ ಹುಡುಕಿದರೂ ಯಾರಿಗೂ ಇರುವುದಿಲ್ಲ.

ಇನ್ನೊಂದು ಪಾಲು ನಿದ್ದೆಯದ್ದು. ನೋವು ತಿನ್ನುತ್ತಾ ಕಳೆದ ಒಂದು ರಾತ್ರಿ, ಹೆರಿಗೆ ವಾರ್ಡಿನ ಗದ್ದಲದಲ್ಲಿ ಎರಡು, ಮನೆಗೆ ಬಂದ ಮೇಲೆ ಎರಡು ಗಂಟೆಗೊಮ್ಮೆ ಹಾಲು. ಬೈಪೋಲಾರ್ ಸ್ವಭಾವದ ಮೆದುಳಿನಲ್ಲಿ ನಿದ್ದೆಗೇಡು ಉನ್ಮಾದದ ಲಕ್ಷಣವಷ್ಟೇ ಅಲ್ಲ, ಅದನ್ನು ಹೊತ್ತಿಸುವ ಕಿಡಿಯೂ ಹೌದು. ಚೊಚ್ಚಲ ಹೆರಿಗೆಯಲ್ಲಿ ಸನ್ನಿ ಹೆಚ್ಚು ಎಂಬುದನ್ನು ಅಜ್ಜಿಯಂದಿರೂ ಗಮನಿಸಿದ್ದರು, ಅಂಕಿಅಂಶವೂ ಅದನ್ನೇ ಹೇಳುತ್ತದೆ. ಬಸುರಿನಲ್ಲಿ ತಗ್ಗಿದ್ದ ರೋಗನಿರೋಧಕ ವ್ಯವಸ್ಥೆ ಹೆರಿಗೆಯ ನಂತರ ಪುಟಿದೇಳುವುದಕ್ಕೂ ಇದರಲ್ಲಿ ಪಾತ್ರವಿರುವಂತೆ ಕಾಣುತ್ತದೆ. ಸನ್ನಿಯವರಲ್ಲಿ ಥೈರಾಯ್ಡ್ ಗ್ರಂಥಿಯ ಮೇಲೆ ದೇಹವೇ ದಾಳಿ ಮಾಡುವ ತೊಂದರೆ ಹೆಚ್ಚಾಗಿ ಸಿಗುತ್ತದೆ.

ಊರ ಕೆರೆಯ ಏರಿ ಒಡೆದ ಮಾರನೇ ದಿನ ಅರಳಿಕಟ್ಟೆಯಲ್ಲಿ ವಾದ ನಡೆಯುತ್ತದಲ್ಲ, ಇದೂ ಹಾಗೆಯೇ. ಮಳೆ ಜಾಸ್ತಿಯಾಯಿತು ಎನ್ನುತ್ತಾನೆ ಒಬ್ಬ. ಅದೇ ಮಳೆಗೆ ಪಕ್ಕದೂರಿನ ಏರಿ ನಿಂತಿತಲ್ಲ ಎನ್ನುತ್ತಾನೆ ಇನ್ನೊಬ್ಬ. ಏಡಿ ಬಿಲ ತೋಡಿತ್ತು, ತೂಬು ಕಟ್ಟಿಕೊಂಡಿತ್ತು, ಹೂಳೆತ್ತಿ ಎಷ್ಟು ವರ್ಷವಾಯಿತು ಎಂದೆಲ್ಲ ಮಾತು ಬೆಳೆಯುತ್ತದೆ. ಎಲ್ಲರೂ ಹೇಳುವುದು ನಿಜ. ಯಾವ ಒಂದೂ ಒಬ್ಬಂಟಿಯಾಗಿ ಏರಿ ಒಡೆದಿಲ್ಲ. ಮನೋರೋಗಗಳ ಕಾರಣವನ್ನು ವೈದ್ಯರು ಹೀಗೇ ಲೆಕ್ಕ ಹಾಕುತ್ತಾರೆ: ಹುಟ್ಟಿನಿಂದ ಬಂದ ಏರಿಯ ಎತ್ತರ, ಬದುಕು ತುಂಬಿದ ಹೂಳು, ಆ ವಾರದ ಮಳೆ. ಸನ್ನಿಯಲ್ಲಿ ಮಳೆಯ ಪಾಲು, ಏರಿಯ ಪಾಲು ದೊಡ್ಡವು. ಅವಳ ಸ್ವಭಾವ, ಅವಳು ತಿಂದ ತಂಗಳು, ಅವಳ ಗಂಡನ ಜಾತಕ ಯಾವುದೂ ಈ ಲೆಕ್ಕದಲ್ಲಿಲ್ಲ.

ಖಿನ್ನತೆಯಲ್ಲಿ ಹೂಳಿನ ಪಾಲು

ಬಾಣಂತಿ ಖಿನ್ನತೆಗೆ ಬಂದರೆ ಲೆಕ್ಕ ಬದಲಾಗುತ್ತದೆ. ಗೋವಾದ ಜಿಲ್ಲಾ ಆಸ್ಪತ್ರೆಯೊಂದರಲ್ಲಿ 270 ತಾಯಂದಿರನ್ನು ಬಸುರಿನಿಂದ ಹಿಂಬಾಲಿಸಿದ ಸಂಶೋಧಕರು 2002ರಲ್ಲಿ ಪ್ರಕಟಿಸಿದ ವರದಿ ನಮಗೆ ಹತ್ತಿರದ್ದು. ಹೆರಿಗೆಯಾದ ಆರರಿಂದ ಎಂಟು ವಾರಕ್ಕೆ ಶೇಕಡಾ 23 ಮಂದಿ ಖಿನ್ನತೆಯಲ್ಲಿದ್ದರು. ಯಾರು ಅವರು ಎಂದು ನೋಡಿದರೆ ಬಡತನ, ಗಂಡನ ಹೊಡೆತ, ಕೆಟ್ಟ ದಾಂಪತ್ಯ ಎದ್ದು ಕಂಡವು. ಮಗು ಹೆಣ್ಣಾಗಿದ್ದರೆ ಅಪಾಯ ಇನ್ನೂ ಹೆಚ್ಚಿತು.

ಹೆಣ್ಣುಮಗು ಹುಟ್ಟಿದ್ದರಿಂದ ಹಾರ್ಮೋನು ಬೇರೆ ರೀತಿ ಇಳಿಯುವುದಿಲ್ಲ. ಇಳಿಯುವುದು ನೋಡಲು ಬಂದವರ ಮುಖ. ಆ ಮುಖಗಳನ್ನು ಬಾಣಂತಿ ಹಾಸಿಗೆಯಿಂದಲೇ ಓದುತ್ತಾಳೆ.

ಬಾಣಂತನದ ಕೋಣೆಯ ಬಗ್ಗೆ ಇಲ್ಲಿ ಎರಡು ಮಾತು. ತವರಿಗೆ ಕರೆದೊಯ್ದು ತಿಂಗಳುಗಟ್ಟಲೆ ಅಡುಗೆ, ಕಸ, ಮುಸುರೆಯಿಂದ ಬಿಡುವು ಕೊಡುವುದು, ಒಬ್ಬಳೇ ಬಿಡಬಾರದೆಂದು ಪಕ್ಕದಲ್ಲೇ ಯಾರಾದರೂ ಮಲಗುವುದು, ಎಣ್ಣೆನೀರು ಹಾಕಿ ಮಧ್ಯಾಹ್ನ ಹೊದಿಸಿ ಮಲಗಿಸುವುದು, ಇವನ್ನೆಲ್ಲ ಯಾವ ಮನೋವೈದ್ಯರೂ ಬೇಡ ಎನ್ನಲಾರರು. ಕತ್ತಲೆ ಕೋಣೆ, ಅಳತೆಯ ನೀರು, ಯಾರೊಂದಿಗೂ ಬೆರೆಯದಂತೆ ಕಟ್ಟುಪಾಡು ಬೇರೆ ಮಾತು. ಗಾಳಿ ಸೋಕಬಾರದೆಂದು ಬಾಣಂತಿಯ ತಲೆದೆಸೆಯಲ್ಲಿ ಕಬ್ಬಿಣದ ಕತ್ತಿ ಇಡುವ ರೂಢಿ ಕೆಲವು ಕಡೆ ಇದೆ. ಸನ್ನಿಯ ಗುರುತು ಕಂಡ ಮನೆಯಲ್ಲಿ ಮೊದಲು ಅದನ್ನು ಅಲ್ಲಿಂದ ತೆಗೆಯಬೇಕು.

ಸನ್ನಿಗೆ ಚಿಕಿತ್ಸೆ

ಸನ್ನಿ ತುರ್ತುಸ್ಥಿತಿ. ಎದೆನೋವು ಬಂದವರನ್ನು ಸೋಮವಾರದವರೆಗೆ ಕಾಯಿಸುವುದಿಲ್ಲ, ಇವಳನ್ನೂ ಕಾಯಿಸಬಾರದು. ತಾಯತ ಕಟ್ಟಿಸಬೇಕೆಂದು ಹಿರಿಯರ ಮನಸ್ಸಿದ್ದರೆ ಆಸ್ಪತ್ರೆಗೆ ಹೋಗುವ ದಾರಿಯಲ್ಲೇ ಕಟ್ಟಿಸಿ, ಜಗಳವಾಡುತ್ತಾ ಹೊತ್ತು ಕಳೆಯುವುದು ಬೇಡ. ಹೊರಡುವವರೆಗೆ ತಾಯಿ-ಮಗು ಇಬ್ಬರನ್ನೇ ಬಿಡಬಾರದು. ಮಗು ಬದಲಾಗಿದೆ ಎಂದು ಅವಳು ಹೇಳಿದರೆ ವಾದಕ್ಕೂ ಇಳಿಯಬೇಡಿ. ವಾದದಿಂದ ಸೈಕೋಸಿಸ್ ಕರಗುವುದಿಲ್ಲ.

ಆಸ್ಪತ್ರೆಯಲ್ಲಿ ಮೊದಲ ಕೆಲಸ ನಿದ್ದೆ ತರಿಸುವುದು. ಜೊತೆಗೆ ಓಲಾಂಜಪಿನ್, ರಿಸ್ಪೆರಿಡೋನ್‌ನಂಥ ಸೈಕೋಸಿಸ್ ಇಳಿಸುವ ಔಷಧ. ಇವು ಮೆದುಳಿನಲ್ಲಿ ಡೋಪಮಿನ್ ಎಂಬ ಸಂದೇಶವಾಹಕದ ಅಬ್ಬರ ತಗ್ಗಿಸುತ್ತವೆ. ಡೋಪಮಿನ್ ಕೆಲಸಗಳಲ್ಲಿ ಒಂದು, ಕಂಡದ್ದರಲ್ಲಿ ಯಾವುದು ಮುಖ್ಯ ಎಂದು ಗುರುತು ಹಾಕುವುದು. ಅದು ಮಿತಿಮೀರಿದಾಗ ಎಲ್ಲವೂ ಮುಖ್ಯವಾಗಿ ಕಾಣುತ್ತದೆ: ನರ್ಸ್ ಕೆಮ್ಮಿದ್ದು ಸೂಚನೆ, ಫ್ಯಾನಿನ ಸದ್ದು ಸಂದೇಶ, ಮಗುವಿನ ಕೈಪಟ್ಟಿಯ ಸಂಖ್ಯೆ ಸಂಚು. ಇಷ್ಟಕ್ಕೆ ಇಳಿಯದಿದ್ದರೆ ಲಿಥಿಯಂ ಸೇರಿಸುತ್ತಾರೆ. ಅದು 1949ರಲ್ಲಿ ಆಸ್ಟ್ರೇಲಿಯಾದ ಜಾನ್ ಕೇಡ್ ಉನ್ಮಾದಕ್ಕೆ ಬಳಸಿ ನೋಡಿದ ಒಂದು ಸರಳ ಲವಣ, ಇಂದಿಗೂ ಬೈಪೋಲಾರ್ ಚಿಕಿತ್ಸೆಯ ಆಧಾರಸ್ತಂಭ.

ಫಲಿತಾಂಶ? ನೆದರ್ಲ್ಯಾಂಡ್ಸ್‌ನ ರೋಟರ್‌ಡ್ಯಾಮ್‌ನಲ್ಲಿ ಹೀಗೆ ಹಂತಹಂತವಾಗಿ ಚಿಕಿತ್ಸೆ ಕೊಟ್ಟ 64 ಮಂದಿಯಲ್ಲಿ 98.4 ಶೇಕಡಾ, ಅಂದರೆ ಒಬ್ಬರನ್ನು ಬಿಟ್ಟು ಎಲ್ಲರೂ, ಪೂರ್ತಿ ಚೇತರಿಸಿಕೊಂಡರು ಎಂದು 2015ರಲ್ಲಿ ವರದಿಯಾಯಿತು. ತೀವ್ರ ಮನೋರೋಗಗಳಲ್ಲಿ ಇಂಥ ಅಂಕಿ ಅಪರೂಪ. ನೋಡಲು ಇದರಷ್ಟು ಭಯಂಕರವಾದದ್ದು ಇಲ್ಲ, ಗುಣವಾಗುವುದರಲ್ಲಿ ಇದರಷ್ಟು ಒಳ್ಳೆಯದೂ ಕಡಿಮೆ. ಹಾಗೆಂದು ಮೂರು ದಿನದಲ್ಲಿ ಮುಗಿಯುವುದಲ್ಲ. ನಿದ್ದೆ ಕೆಲವು ದಿನಗಳಲ್ಲಿ ಸರಿಹೋಗುತ್ತದೆ, ತಪ್ಪು ನಂಬಿಕೆ ಕರಗಲು ವಾರಗಳು ಬೇಕು. ಎಲ್ಲ ಇಳಿದ ಮೇಲೆ "ನಾನು ಹಾಗೆಲ್ಲ ಮಾಡಿದೆನಾ" ಎಂಬ ನಾಚಿಕೆ, ಅದರ ಬೆನ್ನಿಗೆ ಖಿನ್ನತೆ ಹಲವರಿಗೆ ಬರುತ್ತದೆ. ಮನೆಯವರು ವಾಸಿಯಾಯಿತೆಂದು ಕೈಬಿಡುವುದು ಸಾಮಾನ್ಯವಾಗಿ ಇದೇ ಹೊತ್ತಿನಲ್ಲಿ.

ಔಷಧಕ್ಕೆ ಬಗ್ಗದಾಗ, ಅಥವಾ ಅವಳು ಊಟ ನೀರು ಬಿಟ್ಟು ಜೀವಕ್ಕೇ ಅಪಾಯವಾದಾಗ ವಿದ್ಯುತ್ ಚಿಕಿತ್ಸೆ ಕೊಡುತ್ತಾರೆ. 'ಕರೆಂಟ್ ಕೊಡುವುದು' ಎಂದ ಕೂಡಲೇ ಸಿನಿಮಾದ ದೃಶ್ಯ ಕಣ್ಣಮುಂದೆ ಬರುತ್ತದೆ. ಈಗ ಇದು ನಡೆಯುವುದು ಅರಿವಳಿಕೆ ಕೊಟ್ಟು ಮಲಗಿಸಿ, ಸ್ನಾಯು ಸಡಿಲಿಸುವ ಔಷಧ ಕೊಟ್ಟ ಮೇಲೆ. ಇವೆರಡಿಲ್ಲದೆ ಕೊಡುವುದನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆ ನಿಷೇಧಿಸಿದೆ. ತಾತ್ಕಾಲಿಕ ಮರೆವು ಇದರ ಮುಖ್ಯ ಅಡ್ಡಪರಿಣಾಮ. ಸನ್ನಿಯಲ್ಲಿ ಇದು ವೇಗವಾಗಿ ಕೆಲಸ ಮಾಡುತ್ತದೆ, ಎದೆಹಾಲಿಗೂ ಅಡ್ಡಿಯಿಲ್ಲ.

ಎದೆಹಾಲಿನ ಪ್ರಶ್ನೆ ಎಲ್ಲ ಮನೆಯಲ್ಲೂ ಬರುತ್ತದೆ. ಹಲವು ಔಷಧಗಳು ಹಾಲಿಗೆ ಸೇರುವ ಪ್ರಮಾಣ ಬಹಳ ಕಡಿಮೆ. ಲಿಥಿಯಂ ಹಾಗಲ್ಲ, ಅದನ್ನು ಸೇವಿಸುವಾಗ ಹಾಲು ನಿಲ್ಲಿಸಬೇಕೋ, ಮಗುವಿನ ರಕ್ತಪರೀಕ್ಷೆ ಮಾಡುತ್ತಾ ಕೊಡಬೇಕೋ ವೈದ್ಯರೇ ನಿರ್ಧರಿಸಬೇಕು. ವಾಲ್ಪ್ರೋಯೇಟ್ ಎಂಬ ಇನ್ನೊಂದು ಔಷಧ ಮುಂದಿನ ಬಸುರಿನಲ್ಲಿ ಭ್ರೂಣಕ್ಕೆ ಹಾನಿ ಮಾಡಬಹುದಾದ್ದರಿಂದ ಮಕ್ಕಳಾಗುವ ವಯಸ್ಸಿನವರಿಗೆ ಆದಷ್ಟೂ ತಪ್ಪಿಸುತ್ತಾರೆ. "ಹಾಲು ಕುಡಿಸಬೇಕು, ಮಾತ್ರೆ ನಿಲ್ಲಿಸಿ" ಎಂದು ಮನೆಯವರೇ ತೀರ್ಮಾನಿಸುವುದು ಮಾತ್ರ ಎಲ್ಲಕ್ಕಿಂತ ಅಪಾಯಕಾರಿ. ಪೌಡರ್ ಹಾಲು ಕುಡಿದ ಮಗು ಬೆಳೆಯುತ್ತದೆ.

ಮಗು ಎಲ್ಲಿರಬೇಕು? ಹಿಂದೆಲ್ಲ ತಾಯಿಯನ್ನು ಆಸ್ಪತ್ರೆಯಲ್ಲಿ ಬಿಟ್ಟು ಮಗುವನ್ನು ಮನೆಗೊಯ್ಯುತ್ತಿದ್ದರು. ವಾಸಿಯಾಗಿ ಬಂದ ತಾಯಿಗೆ ಮಗು ಅಪರಿಚಿತ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2009ರಲ್ಲಿ ತಾಯಿ-ಮಗು ವಾರ್ಡ್ ಶುರುವಾಯಿತು. ಅಲ್ಲಿ ತಾಯಿ, ಮಗು, ನೋಡಿಕೊಳ್ಳಲು ಮನೆಯವರೊಬ್ಬರು ಒಟ್ಟಿಗೆ ಇರುತ್ತಾರೆ. ಚೇತರಿಕೆ ಕಂಡಂತೆಲ್ಲ ತಾಯಿಗೆ ಮೊದಲು ಮಗುವನ್ನು ಎತ್ತಿಕೊಳ್ಳುವುದು, ಆಮೇಲೆ ಸ್ನಾನ, ಆಮೇಲೆ ಹಾಲು ಎಂದು ಸಿಬ್ಬಂದಿಯ ಕಣ್ಣೆದುರಿನಲ್ಲಿ ಒಂದೊಂದಾಗಿ ವಹಿಸಿಕೊಡುತ್ತಾರೆ. ಅಂಥ ವಾರ್ಡ್ ಎಲ್ಲ ಕಡೆ ಇಲ್ಲ. ಆದರೆ ಮಾನಸಿಕ ಚಿಕಿತ್ಸೆಗೆ ದಾಖಲಾದ ತಾಯಿಯಿಂದ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಬೇರ್ಪಡಿಸುವಂತಿಲ್ಲ ಎಂದು ಅದೇ 2017ರ ಕಾಯ್ದೆ ಹೇಳುತ್ತದೆ. ಮಗುವಿಗೆ ಅಪಾಯವಿದೆ ಎಂದು ವೈದ್ಯರು ಕಂಡಾಗ ಮಾತ್ರ ತಾತ್ಕಾಲಿಕವಾಗಿ ದೂರವಿಡಬಹುದು.

ಖಿನ್ನತೆಗೆ ಮಾತು, ಮಾತ್ರೆ

ಖಿನ್ನತೆಯ ಚಿಕಿತ್ಸೆ ಇಷ್ಟು ನಾಟಕೀಯವಲ್ಲ. ಸೌಮ್ಯ, ಮಧ್ಯಮ ಹಂತದಲ್ಲಿ ಮಾತಿನ ಚಿಕಿತ್ಸೆಯೇ ಸಾಕಾಗಬಹುದು. ಅದಕ್ಕೆ ದೊಡ್ಡ ಪದವಿ ಓದಿದ ತಜ್ಞರೇ ಬೇಕೆಂದಿಲ್ಲ ಎಂಬುದಕ್ಕೆ ಪಾಕಿಸ್ತಾನದ ರಾವಲ್ಪಿಂಡಿ ಹಳ್ಳಿಗಳಲ್ಲಿ ನಡೆದ, 2008ರಲ್ಲಿ ಪ್ರಕಟವಾದ ಅಧ್ಯಯನ ಒಳ್ಳೆಯ ಸಾಕ್ಷಿ. ನಮ್ಮ ಆಶಾ ಕಾರ್ಯಕರ್ತೆಯರಂಥ ಅಲ್ಲಿನ ಆರೋಗ್ಯ ಕಾರ್ಯಕರ್ತೆಯರಿಗೆ ತರಬೇತಿ ಕೊಟ್ಟು, ಖಿನ್ನತೆಯಲ್ಲಿದ್ದ ಗರ್ಭಿಣಿಯರ ಮನೆಗೆ ಕಳಿಸಿದರು. ಹಾಳು ಯೋಚನೆಯನ್ನು ಗುರುತಿಸುವುದು, ಅದರ ಜಾಗಕ್ಕೆ ಇನ್ನೊಂದನ್ನು ತರುವುದು, ವಾರಕ್ಕೆ ಒಂದು ಸಣ್ಣ ಕೆಲಸ ಮಾಡಿ ನೋಡುವುದು, ಇಷ್ಟೇ ಪಾಠ. ಖಿನ್ನತೆ ಎಂಬ ಪದವನ್ನು ಮುಂದಿಡದೆ "ಮಗು ಚೆನ್ನಾಗಿ ಬೆಳೆಯಲಿ" ಎಂದು ಮಾತು ತೆಗೆಯುತ್ತಿದ್ದರು, ಅತ್ತೆಯಂದಿರೂ ಕೂತು ಕೇಳಿದರು. ಮಗುವಿಗೆ ಆರು ತಿಂಗಳಾಗುವ ಹೊತ್ತಿಗೆ ಈ ಗುಂಪಿನಲ್ಲಿ ಶೇಕಡಾ 23 ಮಂದಿ ಮಾತ್ರ ಖಿನ್ನತೆಯಲ್ಲಿ ಉಳಿದಿದ್ದರು. ಈ ಪಾಠವಿಲ್ಲದ ಭೇಟಿ ಪಡೆದವರಲ್ಲಿ ಶೇಕಡಾ 53.

ತೀವ್ರವಾಗಿದ್ದರೆ ಮಾತ್ರೆ ಬೇಕು. ಹಾಲೂಡಿಸುವವರಿಗೆ ಹೆಚ್ಚಾಗಿ ಬರೆಯುವುದು ಸರ್ಟ್ರಾಲಿನ್. ಇದು ನಿದ್ದೆಮಾತ್ರೆಯಲ್ಲ, ಚಟ ಹಿಡಿಸುವುದೂ ಅಲ್ಲ. ಪರಿಣಾಮ ಕಾಣಲು ಎರಡರಿಂದ ನಾಲ್ಕು ವಾರ ಬೇಕು. ಮೊದಲ ವಾರ ಹೊಟ್ಟೆ ತೊಳಸಬಹುದು. ಚೇತರಿಸಿಕೊಂಡ ಮೇಲೂ ಕೆಲವು ತಿಂಗಳು ಮುಂದುವರಿಸಿ, ನಿಧಾನವಾಗಿ ಇಳಿಸುತ್ತಾರೆ. ಥಟ್ಟನೆ ನಿಲ್ಲಿಸಿದರೆ ತಲೆಸುತ್ತು, ಕಿರಿಕಿರಿ ಆಗುತ್ತದೆ.

ಈ ಮಾತ್ರೆಗಳು ಸೆರೊಟೋನಿನ್ ಎಂಬ ರಾಸಾಯನಿಕವನ್ನು ನರಕೋಶಗಳ ನಡುವೆ ಹೆಚ್ಚು ಹೊತ್ತು ಉಳಿಸುತ್ತವೆ. ಅದರಿಂದಲೇ "ನಿಮಗೆ ಸೆರೊಟೋನಿನ್ ಕಡಿಮೆಯಾಗಿದೆ" ಎಂಬ ಸುಲಭದ ವಿವರಣೆ ಹರಡಿತು. ಜ್ವರಕ್ಕೆ ಡೋಲೋ ಕೆಲಸ ಮಾಡಿತೆಂದ ಮಾತ್ರಕ್ಕೆ ಮೈಯಲ್ಲಿ ಡೋಲೋ ಕಡಿಮೆಯಾಗಿತ್ತು ಎಂದಾಗುವುದಿಲ್ಲವಲ್ಲ. ಖಿನ್ನತೆಗೆ ಸೆರೊಟೋನಿನ್ ಕೊರತೆಯೇ ಕಾರಣವೆನ್ನಲು ಗಟ್ಟಿ ಪುರಾವೆಯಿಲ್ಲ ಎಂದು 2022ರಲ್ಲಿ ಬಂದ ಒಂದು ದೊಡ್ಡ ಪರಾಮರ್ಶೆ ಹೇಳಿತು. ಕಾರಣ ಗೊತ್ತಿರುವುದು ಬೇರೆ, ಔಷಧ ಉಪಯೋಗವಾಗುವುದು ಬೇರೆ.

ಕಾರಣದ ಎಳೆ ಹಿಡಿದೇ ಹುಟ್ಟಿದ ಔಷಧವೂ ಈಗ ಇದೆ. ಪ್ರೊಜೆಸ್ಟರೋನ್‌ನಿಂದ ದೇಹದಲ್ಲಿ ಅಲೋಪ್ರೆಗ್ನನೋಲೋನ್ ಎಂಬ ವಸ್ತು ತಯಾರಾಗುತ್ತದೆ, ಅದು ಮೆದುಳಿನ ಬ್ರೇಕ್ ವ್ಯವಸ್ಥೆಗೆ ಬಲ ಕೊಡುತ್ತದೆ. ಹೆರಿಗೆಯ ನಂತರ ಅದೂ ಕುಸಿಯುತ್ತದೆ. ಅದನ್ನೇ ಡ್ರಿಪ್ ಮೂಲಕ 60 ಗಂಟೆ ಕೊಡುವ ಚಿಕಿತ್ಸೆಗೆ ಅಮೆರಿಕ 2019ರಲ್ಲಿ ಒಪ್ಪಿಗೆ ಕೊಟ್ಟಿತು. ಅದೇ ದಾರಿಯ, 14 ದಿನ ನುಂಗುವ ಜುರನೊಲೋನ್ ಗುಳಿಗೆಗೆ 2023ರಲ್ಲಿ. ವಾರಗಟ್ಟಲೆ ಕಾಯಬೇಕಿಲ್ಲ, ಕೆಲವೇ ದಿನಗಳಲ್ಲಿ ಗುಣ ಕಾಣುತ್ತದೆ ಎಂಬುದು ಇದರ ಹೆಚ್ಚುಗಾರಿಕೆ. ಆದರೆ ಯಾವ ಗುಳಿಗೆಯೂ ಗಂಡನ ಕುಡಿತ ಬಿಡಿಸುವುದಿಲ್ಲ. ಹೊಡೆತವಿರುವ ಮನೆಯಲ್ಲಿ ಹೊಡೆತ ನಿಲ್ಲಿಸುವುದೂ ಚಿಕಿತ್ಸೆಯ ಭಾಗವೇ.

ಎಲ್ಲಿ ಕೇಳುವುದು?

ಜಿಲ್ಲಾ ಆಸ್ಪತ್ರೆಗಳಲ್ಲಿ, ಸರ್ಕಾರಿ ವೈದ್ಯಕೀಯ ಕಾಲೇಜುಗಳಲ್ಲಿ ಮನೋವೈದ್ಯ ವಿಭಾಗವಿದೆ. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿ ನೋಡಿದ ಮಾದರಿಯೇ 1996ರಲ್ಲಿ ಶುರುವಾದ ಕೇಂದ್ರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಆಧಾರವಾಯಿತು. ಉತ್ತರ ಕರ್ನಾಟಕದವರಿಗೆ ಧಾರವಾಡದ ಡಿಮ್ಹಾನ್ಸ್ ಹತ್ತಿರ. ಫೋನಿನಲ್ಲಿ ಕೇಳಬೇಕೆಂದರೆ ಟೆಲಿ ಮಾನಸ್ ಸಹಾಯವಾಣಿ 14416, ಹಗಲು ರಾತ್ರಿ, ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಇನ್ನೊಬ್ಬರು ಮನೆಗೇ ಬರುತ್ತಾರೆ. ಆಸ್ಪತ್ರೆಯಲ್ಲಿ ಹೆರಿಗೆಯಾದವರ ಮನೆಗೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಬಂದು ಮಗುವಿನ ತೂಕ, ಉಸಿರು, ಹೊಕ್ಕಳು ನೋಡಬೇಕೆಂದು ನಿಯಮವಿದೆ. ಮೂರನೇ ದಿನ ಬ್ಲೂಸ್‌ನ ದಿನ, ಏಳು ಮತ್ತು ಹದಿನಾಲ್ಕು ಸನ್ನಿಯ ದಿನಗಳು, ನಲವತ್ತೆರಡರ ಹೊತ್ತಿಗೆ ಖಿನ್ನತೆ ಗೋಚರಿಸುತ್ತಿರುತ್ತದೆ. ಮಗುವಿಗೆಂದು ಹಾಕಿದ ವೇಳಾಪಟ್ಟಿ ತಾಯಿಯ ಮನಸ್ಸಿಗೂ ಇಷ್ಟು ಸರಿಯಾಗಿ ಹೊಂದುವುದು ಕಾಕತಾಳೀಯ. "ರಾತ್ರಿ ನಿದ್ದೆ ಬಂತೇನಮ್ಮ?" ಎಂಬ ಒಂದು ಪ್ರಶ್ನೆ ಸೇರಿಸಿದರೆ ಸಾಕು.

ಮುಂದಿನ ಹೆರಿಗೆ

ಒಮ್ಮೆ ಸನ್ನಿಯಾದವರಿಗೆ ಮುಂದಿನ ಹೆರಿಗೆಯಲ್ಲಿ ಮರುಕಳಿಸುವ ಸಾಧ್ಯತೆ ಸುಮಾರು ಮೂರರಲ್ಲಿ ಒಂದು. ನೂರರಲ್ಲಿ ನಲವತ್ತಕ್ಕೂ ಹೆಚ್ಚು ಮಂದಿಗೆ ಹೆರಿಗೆಯ ಹೊತ್ತು ಬಿಟ್ಟು ಬದುಕಿನಲ್ಲಿ ಮತ್ತೆಂದೂ ತೀವ್ರ ಕಾಯಿಲೆ ಬರುವುದಿಲ್ಲ, ಉಳಿದವರಿಗೆ ಬೈಪೋಲಾರ್‌ನಂಥದ್ದು ಮುಂದುವರಿಯಬಹುದು. ಮರುಕಳಿಸುವುದನ್ನು ಬಹಳಷ್ಟು ಮಟ್ಟಿಗೆ ತಡೆಯಬಹುದು. ಹೆರಿಗೆಯಾದ ಕೂಡಲೇ ಔಷಧ ಶುರುಮಾಡುವ ಯೋಜನೆಯನ್ನು ಬಸುರಿನಲ್ಲೇ ಮಾಡಿಟ್ಟುಕೊಳ್ಳುತ್ತಾರೆ. ಮನೆಯವರ ಪಾಲಿನ ಕೆಲಸ ರಾತ್ರಿಯ ಪಾಳಿ: ಒಂದು ಹೊತ್ತಿನ ಹಾಲನ್ನು ಇನ್ನೊಬ್ಬರು ಕುಡಿಸಿ ತಾಯಿಗೆ ಐದಾರು ಗಂಟೆ ಒಟ್ಟಿಗೆ ನಿದ್ದೆ ಕೊಡುವುದು.

ಇದಕ್ಕೆ ಹೆರಿಗೆ ಡಾಕ್ಟರಿಗೆ ವಿಷಯ ಗೊತ್ತಿರಬೇಕು. ತಾಯಿ ಕಾರ್ಡಿನಲ್ಲಿ ತೂಕ, ಬಿಪಿ, ಹಿಮೋಗ್ಲೋಬಿನ್ ಬರೆಯುತ್ತಾರೆ. ಹೋದ ಸಲ ಸಿಜೇರಿಯನ್ ಆಗಿದ್ದನ್ನು ಮನೆಯವರು ಕೇಳುವ ಮೊದಲೇ ಹೇಳುತ್ತಾರೆ. ಹೋದ ಸಲ ಸನ್ನಿಯಾಗಿದ್ದನ್ನು ಮಾತ್ರ ಕೇಳಿದರೂ ಹೇಳುವುದಿಲ್ಲ. ಅದೇ ಕಾರ್ಡಿನಲ್ಲಿ, ಸಿಜೇರಿಯನ್ ಎಂದು ಬರೆದ ಸಾಲಿನ ಕೆಳಗೆ, ಅದಕ್ಕೂ ಜಾಗವಿದೆ.